ನಾವಿಕನೊಬ್ಬನ ಬದುಕನ್ನು ನೆನೆಯುವ ಬಗೆ

ಅಮೆರಿಕದ ಅತಿ ದೊಡ್ಡ ನೌಕಾನೆಲೆಯಿರುವ ವರ್ಜೀನಿಯಾದ ನಾರ್ಫೋಕ್ ಸುತ್ತಮುತ್ತ ನಿವೃತ್ತ ನಾವಿಕರಿಲ್ಲದ ಬೀದಿ ಅಪರೂಪ. ಇತ್ತೀಚೆಗೆ ತೀರಿಕೊಂಡ ನಮ್ಮ ನೆರೆಯ ಹಿರಿಯರೊಬ್ಬರು ವಿಯೆಟ್ನಾಂ ಯುದ್ಧದ ಕಾಲದಲ್ಲಿ ವಿಮಾನವಾಹಕ ನೌಕೆಯ ಎಂಜಿನ್ ಕೋಣೆಯಲ್ಲಿ ದುಡಿದವರು. ಗೌರವಯುತವಾಗಿ ಸೇವೆ ಮುಗಿಸಿದ ಯಾವ ದರ್ಜೆಯವರೇ ಆಗಲಿ, ಮನೆಯವರು ಕೋರಿದರೆ ಸಮವಸ್ತ್ರದ ಇಬ್ಬರಾದರೂ ಬಂದು, ‘ಟ್ಯಾಪ್ಸ್’ ಎಂಬ 24 ಸ್ವರಗಳ ಅಂತಿಮ ನಮನದ ಕಹಳೆ ನುಡಿಸಿ, ಧ್ವಜವನ್ನು ತ್ರಿಕೋನವಾಗಿ ಮಡಚಿ ಅವರ ಕೈಗೊಪ್ಪಿಸಬೇಕೆಂಬ ಕಾನೂನು ಇಲ್ಲಿ 2000ದಿಂದ ಜಾರಿಯಲ್ಲಿದೆ. ಈ ಹಿರಿಯರಿಗೂ ಆ ಗೌರವ ಸಂದಿತು.

ನನ್ನ ಮನಸ್ಸನ್ನು ಹೆಚ್ಚು ತಟ್ಟಿದ್ದು ಮಕ್ಕಳು ಪತ್ರಿಕೆಗೆ ಬರೆದ ನಿಧನವಾರ್ತೆ. ಹುಟ್ಟೂರು, ಕಲಿತ ಶಾಲೆ, ದುಡಿದ ಹಡಗುಗಳ ಹೆಸರು, ಮದುವೆಯಾದ ವರ್ಷ, ಮೊಮ್ಮಕ್ಕಳಿಗೆ ಗಾಳ ಹಾಕಲು ಕಲಿಸಿದ್ದು ಎಲ್ಲವೂ ಅದರಲ್ಲಿದ್ದವು. ಸಂಸಾರವೇ ಅವರ ಜೀವವಾಗಿತ್ತು ಎಂದು ಬರೆದ ಮಕ್ಕಳು, ಅವರು ತಿಂಗಳುಗಟ್ಟಲೆ ಕಡಲಿನಲ್ಲಿದ್ದಾಗ ಕಾಯಿಲೆ ಕಸಾಲೆ, ಶಾಲೆ, ಸಾಲದ ಕಂತುಗಳನ್ನೆಲ್ಲ ಒಬ್ಬರೇ ನಿಭಾಯಿಸಿದ ತಾಯಿಯನ್ನೂ ಅಷ್ಟೇ ವಿವರವಾಗಿ ನೆನೆದಿದ್ದರು. ನೌಕಾಪಡೆಯ ಕುಟುಂಬದ ಮಟ್ಟಿಗೆ ಇದು ಸಲ್ಲಲೇಬೇಕಾದ ನ್ಯಾಯ.

ಶ್ರಾದ್ಧದಲ್ಲಿ ತಂದೆ, ಅಜ್ಜ, ಮುತ್ತಜ್ಜರ ಹೆಸರನ್ನು ಗೋತ್ರಸಹಿತ ವರ್ಷವರ್ಷವೂ ಉಚ್ಚರಿಸುವ ನಮ್ಮ ಪದ್ಧತಿಯನ್ನು ನಾನು ಬಹಳ ಗೌರವಿಸುತ್ತೇನೆ. ಇಲ್ಲಿ ಅಂಥ ವಾರ್ಷಿಕ ಸ್ಮರಣೆಯನ್ನು ನಾನು ಕಂಡಿಲ್ಲ. ಆದರೆ ಆ ಮುತ್ತಜ್ಜ ಏನು ಮಾಡಿಕೊಂಡಿದ್ದರು, ಯಾರನ್ನು ಹೇಗೆ ಸಾಕಿದರು ಎಂದು ಕೇಳಿದರೆ ನಮ್ಮಲ್ಲಿ ಬಹುಮಂದಿಗೆ ಉತ್ತರ ತಿಳಿಯದು. ಪತ್ರಿಕೆಯ ಶ್ರದ್ಧಾಂಜಲಿಯಲ್ಲೂ ಭಾವಚಿತ್ರ, ಜನನ ಮರಣದ ದಿನಾಂಕ, ‘ದುಃಖತಪ್ತ ಕುಟುಂಬ ವರ್ಗ’ ಎಂಬಷ್ಟೇ ಇರುತ್ತದೆ.

1971ರ ಭಾರತ-ಪಾಕಿಸ್ತಾನ ಯುದ್ಧದಲ್ಲಿ, ಡಿಸೆಂಬರ್ 9ರಂದು 18 ಅಧಿಕಾರಿಗಳು ಮತ್ತು 176 ನಾವಿಕರೊಡನೆ ಮುಳುಗಿದ ನಮ್ಮ ಯುದ್ಧನೌಕೆ ಐಎನ್‌ಎಸ್ ಖುಕ್ರಿಯನ್ನೂ, ಹಡಗು ಬಿಟ್ಟು ಕದಲದ ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಅವರನ್ನೂ ದೇಶ ಮರೆತಿಲ್ಲ. ಕಾರವಾರದ ಕಡಲತೀರದಲ್ಲಿ ಐಎನ್‌ಎಸ್ ಚಪಲ್ ನೌಕೆಯನ್ನು ಸಂಗ್ರಹಾಲಯವಾಗಿಸಿ ಕಾಪಾಡಿಕೊಂಡಿದ್ದೇವೆ. ಅಂಥ ಹಡಗುಗಳಲ್ಲಿ ದುಡಿದು, ಊರಿಗೆ ಮರಳಿ, ಮಕ್ಕಳನ್ನು ಓದಿಸಿ, ಈಗ ಇಳಿವಯಸ್ಸಿನಲ್ಲಿ ಒಬ್ಬೊಬ್ಬರಾಗಿ ತೀರಿಕೊಳ್ಳುತ್ತಿರುವವರ ಕಥೆಯನ್ನು ಮನೆಯವರೇ ಹೇಳಬೇಕು. ಉತ್ತರಕ್ರಿಯೆಯ ಆಹ್ವಾನ ಪತ್ರಿಕೆಯನ್ನು ಹೇಗೂ ಅಚ್ಚು ಹಾಕಿಸುತ್ತೇವೆ. ಅದರ ಹಿಂಬದಿಯಲ್ಲಿ ಅವರು ದುಡಿದ ಹಡಗುಗಳು, ಕಂಡ ಬಂದರುಗಳು, ಆಗ ಮನೆ ನಡೆಸಿದವರ ಹೆಸರು ಬರಲಿ. ಸಮಾರಾಧನೆಯ ದಿನ ಎಲೆ ಹಾಕುವ ಮುನ್ನ ಮಗಳೋ ಮಗನೋ ಅದನ್ನು ಎಲ್ಲರೆದುರು ಓದಲಿ.