ಬಾಡಿಗೆ ಮಿಕ್ಸರ್, ಸ್ವಂತ ಮಿಕ್ಸರ್

ಮುಂಬೈ ಪಕ್ಕದ ಠಾಣೆ, ಡೊಂಬಿವಲಿ ಕಡೆ ಮದುವೆಗೆ ಬರುವ ಡಿಜೆಯ ಬೆನ್ನಿಗೆ ಒಂದೇ ಚೀಲ. ಅದರೊಳಗೆ ಲ್ಯಾಪ್‌ಟಾಪ್, ಅದರ ಹಾಡುಗಳನ್ನು ಆಡಿಸುವ ಕಂಟ್ರೋಲರ್, ಹೆಡ್‌ಫೋನ್, ಎರಡು ಪೆನ್‌ಡ್ರೈವ್. ಮೈಕು, ಹಾಡುಗಳ ಸದ್ದನ್ನು ಬೆರೆಸಿ ಹದ ಮಾಡುವ ಬೋರ್ಡು ಅಂದರೆ ಮಿಕ್ಸರ್, ಆಂಪ್ಲಿಫೈಯರ್, ಸ್ಪೀಕರ್ ಬಾಕ್ಸ್ ಎಲ್ಲ ಬಾಡಿಗೆಯವರದು. ಅವರ ಹುಡುಗ ಜೋಡಿಸಿ ಕೊಡುತ್ತಾನೆ, ಇವನು ಎರಡು ವೈರ್ ಚುಚ್ಚಿ ಶುರು ಮಾಡುತ್ತಾನೆ. ಮಿಕ್ಸರ್ ಯಾವ ಕಂಪನಿಯದು ಎಂದು ಕೇಳಿದರೆ ಬಗ್ಗಿ ನೋಡಿ ಹೇಳಬೇಕು. ನಮ್ಮ ಉತ್ತರ ಕನ್ನಡದ ಕಾರವಾರ, ಅಂಕೋಲಾ, ಕುಮಟಾದಲ್ಲಿ ಇದು ಉಲ್ಟಾ. ಬಾಕ್ಸನ್ನು ಪಕ್ಕದೂರಿನವರಿಂದ ತಂದಾರು, ಜನರೇಟರನ್ನು ಬಾಡಿಗೆಗೆ ಹಿಡಿದಾರು, ಮಿಕ್ಸರ್ ಮಾತ್ರ ಸ್ವಂತದ್ದೇ ಆಗಬೇಕು. ಟೆಂಪೋದಲ್ಲಿ ಬಾಕ್ಸುಗಳ ಜೊತೆ ಹಿಂದೆ ಹೋಗುವುದಿಲ್ಲ ಅದು, ಡ್ರೈವರ್ ಪಕ್ಕದ ಸೀಟಿನಲ್ಲಿ ಹೋಗುತ್ತದೆ. ಇನ್ನೊಬ್ಬರು ಗುಂಡಿ ಮುಟ್ಟಿದರೆ ಸೌಂಡಿನವರ ಮುಖ ಕೆಡುತ್ತದೆ.

ಈ ಮೋಹವನ್ನು ನೋಡಿ ನಗುವವರಿದ್ದಾರೆ. ನಾನು ಊರಿನವರ ಪರ. ಆದರೆ ಆ ಪ್ರೀತಿ ಹೆಚ್ಚಾಗಿ ತಪ್ಪು ಜಾಗಕ್ಕೆ ಖರ್ಚಾಗುತ್ತಿದೆ ಎಂಬ ತಕರಾರೂ ಇದೆ.

ಪರ ಯಾಕೆಂದರೆ, ನಮ್ಮ ಕಡೆ ಮಿಕ್ಸರಿಗೆ ಇರುವ ಕೆಲಸವೇ ಬೇರೆ. ಮುಂಬೈಯ ಹಾಲ್‌ನಲ್ಲಿ ಡಿಜೆ ಅಂದರೆ ಹಾಡು, ನಡುವೆ ಒಂದು ಮೈಕು, ಮುಗಿಯಿತು. ಕುಮಟೆಯಲ್ಲೋ ಶಿರಸಿಯಲ್ಲೋ ಅದೇ ವ್ಯಕ್ತಿ ಬೆಳಿಗ್ಗೆ ಉಪನಯನದ ಮಂತ್ರಕ್ಕೆ ಮೈಕ್ ಕೊಡುತ್ತಾನೆ, ಸಂಜೆ ಆರತಕ್ಷತೆಗೆ ಹಾಡು ಹಾಕುತ್ತಾನೆ, ಮರುದಿನ ತಾಳಮದ್ದಲೆ, ಅದರ ಮರುದಿನ ರಾತ್ರಿ ಯಕ್ಷಗಾನ. ಭಾದ್ರಪದದಲ್ಲಿ ಗಣಪತಿ ಮೆರವಣಿಗೆ. ಎರಡು ವರ್ಷಕ್ಕೊಮ್ಮೆ ಶಿರಸಿಯ ಮಾರಿಕಾಂಬಾ ಜಾತ್ರೆ ಬಂದರೆ, ಅದು ನಡೆಯುವ ಬಿಡ್ಕಿಬೈಲಿನ ಸುತ್ತ ಒಂದೊಂದು ಅಂಗಡಿಗೂ ಒಂದೊಂದು ಮೈಕು. ಇಷ್ಟಕ್ಕೂ ಒಂದೇ ಬೋರ್ಡು, ಒಬ್ಬನೇ ಮನುಷ್ಯ. ಕತ್ತಲಲ್ಲಿ, ಟಾರ್ಚಿಲ್ಲದೆ ನಾಲ್ಕನೇ ಚಾನಲ್ಲಿನ (ಒಂದೊಂದು ಮೈಕಿಗೆ ಮೀಸಲಾದ ಸಾಲು) ಮಿಡ್, ಅಂದರೆ ನಡುಸ್ವರದ ಗುಂಡಿ ಕೈಗೆ ಸಿಗಬೇಕು. ಬಾಡಿಗೆಗೆ ಬಂದ, ದಿನಕ್ಕೊಂದು ಬಗೆಯ ಬೋರ್ಡಿನಲ್ಲಿ ಆ ರೂಢಿ ಬೆಳೆಯುವುದಿಲ್ಲ.

ಮಿಕ್ಸರ್ ಮೇಲಿನ ಮಮತೆ ಕರಾವಳಿಯವರ ಹುಚ್ಚು ಮಾತ್ರ ಅಂದುಕೊಳ್ಳಬೇಡಿ. 1970ರ ದಶಕದಲ್ಲಿ ನ್ಯೂಯಾರ್ಕಿನ ಕ್ಲಬ್ಬುಗಳಲ್ಲಿ ಬೋಝಾಕ್ ಮಿಕ್ಸರ್ ಹೆಸರು ಮಾಡಿತು. ಅದರಲ್ಲಿ ಮೇಲೆ ಕೆಳಗೆ ಸರಿಸುವ ಹಿಡಿ, ಅಂದರೆ ಫೇಡರೇ ಇಲ್ಲ, ಬರೀ ತಿರುಗಿಸುವ ಗುಂಡಿ. ಇವತ್ತಿಗೂ ಅಂಥ ಗುಂಡಿ ಮಿಕ್ಸರನ್ನೇ ಹುಡುಕಿ ದುಬಾರಿ ಬೆಲೆ ಕೊಡುವ ಡಿಜೆಗಳಿದ್ದಾರೆ. ಅಲನ್ ಅಂಡ್ ಹೀತ್‌ನ ಎಕ್ಸೋನ್ 92ಕ್ಕೆ ಅದರ ಫಿಲ್ಟರಿನಿಂದಲೇ (ಬೇಡದ ಸ್ವರಗಳನ್ನು ಸೋಸುವ ಭಾಗ) ಭಕ್ತರು ಹುಟ್ಟಿಕೊಂಡರು.

ಈಗ ತಕರಾರು. ಊರಲ್ಲಿ ಮಿಕ್ಸರ್ ಪ್ರೀತಿ ಅಂದರೆ ಹೆಚ್ಚು ಚಾನಲ್, ಹೆಚ್ಚು ದೀಪ, ಬೋರ್ಡಿಗೆ ಬಣ್ಣದ ಸ್ಟಿಕ್ಕರ್. ಒಳಬರುವ ಸದ್ದಿನ ಮಟ್ಟ, ಅಂದರೆ ಗೇನ್ ಹೇಗೆ ಇಡಬೇಕೆಂಬುದು ಎಲ್ಲೋ ಹಿಂದೆ ಉಳಿದಿದೆ. ಮುಂಬೈಯ ಬಾಡಿಗೆ ಹುಡುಗನಿಗೆ ಬೋರ್ಡಿನ ಮೇಲೆ ಪ್ರೀತಿಯಿಲ್ಲ, ಆದರೆ ಕ್ರಮ ಇದೆ. ಫೇಡರಿನ ಕೆಳಗೆ ಬಿಳಿ ಟೇಪ್ ಅಂಟಿಸಿ ‘ಮೈಕ್ 1’, ‘ಲ್ಯಾಪ್‌ಟಾಪ್ ಎಡ’, ‘ಲ್ಯಾಪ್‌ಟಾಪ್ ಬಲ’ ಎಂದು ಬರೆಯುತ್ತಾನೆ. ಎಲ್ಲ ಗೇನ್ ಸೊನ್ನೆಗೆ ಇಳಿಸಿ ಆಮೇಲೆ ಮೇಲೇರಿಸುತ್ತಾನೆ. ಅವನಿಂದ ತರಬೇಕಾದದ್ದು ಈ ಕ್ರಮ. ಅವನ ಮಾಲಕರ ದೊಡ್ಡ ಡಿಜಿಟಲ್ ಬೋರ್ಡಿನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಗೇನ್ ಇಡುವ ಕ್ರಮ ಇದು. ಚಾನಲ್ ಫೇಡರ್ ಪೂರ್ತಿ ಕೆಳಗೆ, ಗೇನ್ ಪೂರ್ತಿ ಎಡಕ್ಕೆ, ಸ್ವರದ ಏರಿಳಿತ ಹೊಂದಿಸುವ ಇಕ್ಯೂ ಗುಂಡಿಗಳೆಲ್ಲ ನೆಟ್ಟಗೆ ಹನ್ನೆರಡು ಗಂಟೆಯ ಸ್ಥಾನಕ್ಕೆ. ಮಾತಾಡುವವರಿಂದ ಜೋರಾಗಿಯೇ ಮಾತಾಡಿಸಿ. ‘ಹಲೋ ಚೆಕ್’ ಎಂದು ಮೆಲ್ಲಗೆ ಹೇಳಿದರೆ ಅದು ಪರೀಕ್ಷೆಯಲ್ಲ. ಪಿಎಫ್‌ಎಲ್ (ಫೇಡರಿಗೆ ಮುಂಚಿನ ಸದ್ದನ್ನು ತೋರಿಸುವ ಗುಂಡಿ) ಒತ್ತಿ ಮೀಟರ್ ನೋಡುತ್ತ ಗೇನ್ ಏರಿಸಿ: ಸಾಧಾರಣ ಮಾತು ಸೊನ್ನೆಯ ಹತ್ತಿರ, ಜೋರು ಮಾತು +6ರ ಆಸುಪಾಸು. ಕೆಂಪು ದೀಪ ಒಮ್ಮೆ ಮಿಂಚಿದರೂ ಗೇನ್ ಸ್ವಲ್ಪ ಇಳಿಸಿ. ಆಮೇಲೆ ಫೇಡರನ್ನು ಸೊನ್ನೆಯ ಗುರುತಿಗೆ ತನ್ನಿ. ಒಟ್ಟು ಸದ್ದು ಹೆಚ್ಚು ಅನಿಸಿದರೆ ಆಂಪ್ಲಿಫೈಯರಿನ ಗುಂಡಿ ಇಳಿಸಬೇಕೇ ಹೊರತು ಫೇಡರನ್ನು ತಳಕ್ಕೆ ತಂದು ಅಲ್ಲಿ ಕೂದಲೆಳೆಯಷ್ಟು ಆಡಿಸುತ್ತ ಕೂರುವುದಲ್ಲ. ಫೇಡರಿನ ತಳಭಾಗದಲ್ಲಿ ಒಂದು ಮಿಲಿಮೀಟರ್ ಸರಿದರೂ ಹಲವು ಡೆಸಿಬೆಲ್ ಬದಲಾಗುತ್ತದೆ. ಸೊನ್ನೆಯ ಸುತ್ತ ಅಷ್ಟೇ ಸರಿದರೆ ಗೊತ್ತೇ ಆಗುವುದಿಲ್ಲ. ಕೈಗೆ ಹಿಡಿತ ಸಿಗುವುದು ಅಲ್ಲಿ.

ಕೆಂಪು ದೀಪ ಉರಿದರೇ ಶಕ್ತಿ ಬರುತ್ತದೆ ಎಂಬ ನಂಬಿಕೆ ಮೆರವಣಿಗೆಯ ಟ್ರ್ಯಾಕ್ಟರಿನ ಮೇಲೆ ಇನ್ನೂ ಗಟ್ಟಿಯಾಗಿದೆ. ಮಿಕ್ಸರ್ ಕ್ಲಿಪ್ ಆದ, ಅಂದರೆ ಮಿತಿ ಮೀರಿದ ಮೇಲೆ ಅಲೆಯ ತಲೆ ಚಪ್ಪಟೆಯಾಗುತ್ತದೆ, ಮೇಲಿನ ಆವರ್ತನಗಳು ಹೊಸದಾಗಿ ಹುಟ್ಟುತ್ತವೆ, ಸರಾಸರಿ ಶಕ್ತಿ ಏರುತ್ತದೆ. ಆ ಹೊರೆ ಬೀಳುವುದು ಟಾಪ್ ಬಾಕ್ಸಿನ ಹಾರ್ನ್ ಡ್ರೈವರಿನ (ಎತ್ತರದ ಸ್ವರ ಹೊಮ್ಮಿಸುವ ಭಾಗ) ಮೇಲೆ. ಮುಂದೆ ಲಿಮಿಟರ್ ಇದ್ದರೂ ಅದು ಎತ್ತರ ಕತ್ತರಿಸೀತು, ಆಗಲೇ ಹರಿದ ಅಲೆಯನ್ನು ಹೊಲಿಯಲಾರದು. ಅದರೊಳಗೆ ಕಂಪಿಸುವ ಪೊರೆ, ಡಯಾಫ್ರಾಮ್, ಸುಟ್ಟ ಮೇಲೆ ಕಂಪನಿ ಮಾಲು ಸರಿಯಿಲ್ಲ ಎನ್ನುತ್ತಾರೆ.

ಇನ್ನೊಂದು ತಪ್ಪು ಈಚಿನದು. ಅಗ್ಗದ ಕಂಟ್ರೋಲರ್ ಬಂದ ಮೇಲೆ ಹೊಸ ಹುಡುಗರು ಮಿಕ್ಸರನ್ನೇ ಬಿಟ್ಟು ಕಂಟ್ರೋಲರಿನಿಂದ ಸೀದಾ ಆಂಪ್ಲಿಫೈಯರಿಗೆ ಕೊಡುತ್ತಾರೆ. ಮುಂಬೈಯ ಚಿಕ್ಕ ಪಾರ್ಟಿಗಳಲ್ಲಿ ಇದು ನಡೆಯುತ್ತದೆ, ಯಾಕೆಂದರೆ ಅಲ್ಲಿ ವೈರು ನಾಲ್ಕು ಮೀಟರ್. ಊರಿನ ಚಪ್ಪರದಲ್ಲಿ ಅದು ಮೂವತ್ತು ಮೀಟರ್. ಇಂಥ ಕಂಟ್ರೋಲರುಗಳ ಔಟ್‌ಪುಟ್ ಸಾಮಾನ್ಯವಾಗಿ ಆರ್‌ಸಿಎ (ಹಳೆ ಟಿವಿಯ ಕೆಂಪು-ಬಿಳಿ ಪಿನ್), ಅಂದರೆ ಅನ್‌ಬ್ಯಾಲೆನ್ಸ್ಡ್, ಹೊರಗಿನ ಗದ್ದಲ ತಡೆಯದ ಬಗೆ. ಆ ವೈರು ಉದ್ದವಾದಷ್ಟೂ ಲೈಟಿನ ಗುಂಯ್‌ಗುಡಿಕೆ ಎಳೆದುಕೊಳ್ಳುತ್ತದೆ. ಮನೆಬಳಕೆಯ ಮಟ್ಟ −10 ಡಿಬಿವಿ, ಅಂದರೆ ಸುಮಾರು 0.32 ವೋಲ್ಟ್, ವೃತ್ತಿ ಉಪಕರಣದ ಮಟ್ಟ +4 ಡಿಬಿಯು, ಸುಮಾರು 1.23 ವೋಲ್ಟ್. ನಡುವಿನ ಅಂತರ ಹನ್ನೆರಡು ಡೆಸಿಬೆಲ್ ಹತ್ತಿರ. ಇದನ್ನು ತುಂಬಲು ಆಂಪ್ಲಿಫೈಯರನ್ನು ಪೂರ್ತಿ ತೆರೆದರೆ ಹಾಡಿನ ಜೊತೆ ಹಿಸ್ ಕೂಡ ಏರುತ್ತದೆ. ಆರ್‌ಸಿಎ ವೈರನ್ನು ಎರಡು ಮೂರು ಮೀಟರಿನೊಳಗೆ ಇಟ್ಟು ಮಿಕ್ಸರಿನ ಸ್ಟೀರಿಯೋ ಚಾನಲ್ಲಿಗೆ ಹಾಕಿ, ಅಲ್ಲಿಂದ ಬಾಕ್ಸಿನ ತನಕ ಎಕ್ಸ್‌ಎಲ್‌ಆರ್ (ಗದ್ದಲ ತಡೆಯುವ, ಮೂರು ಪಿನ್ನಿನ ವೈರು) ಓಡಿಸಿ. ಲ್ಯಾಪ್‌ಟಾಪ್ ಕೈಕೊಟ್ಟರೆ ಪಕ್ಕದ ಚಾನಲ್ಲಿಗೆ ಇಪಿ ಪಿನ್ (ಇಯರ್‌ಫೋನಿನ ಸಣ್ಣ ಪಿನ್) ಹಾಕಿಟ್ಟ ಮೊಬೈಲ್ ಇರುತ್ತದೆ, ಮಂಟಪ ಮೌನವಾಗುವುದಿಲ್ಲ. ಪುರೋಹಿತರ ಮೈಕನ್ನು ಕಂಟ್ರೋಲರಿಗೆ ಚುಚ್ಚುವುದಂತೂ ಬೇಡವೇ ಬೇಡ. ಅಗ್ಗದವುಗಳಲ್ಲಿ ಆ ಮೈಕಿಗೆ ಬೇರೆ ಇಕ್ಯೂ ಇರುವುದಿಲ್ಲ, ಸೀಟಿ ಹೊಡೆದರೆ ತಡೆಯಲು ದಾರಿಯಿಲ್ಲ.

ಯಕ್ಷಗಾನಕ್ಕೆ ಬಂದರೆ ಮುಂಬೈಯ ಹುಡುಗ ಕೈಚೆಲ್ಲುತ್ತಾನೆ. ಮುಂಬೈಯ ಕನ್ನಡ ಸಂಘಗಳು ಊರಿನ ಮೇಳ ಕರೆಸಿದಾಗ ಇಬ್ಬರ ಕೆಲಸವನ್ನೂ ಅಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ವ್ಯತ್ಯಾಸ ಎದ್ದು ಕಾಣುತ್ತದೆ. ಬಾಡಿಗೆಯವನು ರಂಗಸ್ಥಳದ ತುಂಬ ಮೈಕ್ ನೆಡುತ್ತಾನೆ, ಚೆಂಡೆಗೂ ಎರಡು. ತೆರೆದ ಮೈಕಿನ ಸಂಖ್ಯೆ ದುಪ್ಪಟ್ಟಾದ ಪ್ರತಿ ಸಲ ಸೀಟಿ ಬರುವ ಮುನ್ನ ಸಿಗುವ ಗೇನ್ 3 ಡೆಸಿಬೆಲ್ ಕುಗ್ಗುತ್ತದೆ. ಎರಡಿದ್ದದ್ದು ಎಂಟಾದರೆ 6 ಡೆಸಿಬೆಲ್ ಹೋಯಿತು. ಹೊನ್ನಾವರ, ಸಿದ್ದಾಪುರದ ಅನುಭವಿಗಳು ಭಾಗವತರ ಬಾಯಿಗೆ ಮೂರು ಬೆರಳಿನ ಅಂತರದಲ್ಲಿ ಒಂದು, ಮದ್ದಲೆಗೆ ಒಂದು, ವೇಷಧಾರಿಗಳ ಮಾತಿಗೆ ಎದುರು ಎರಡು, ಅಷ್ಟರಲ್ಲೇ ಮುಗಿಸುತ್ತಾರೆ. ಮನೆಯಂಗಳದ ಆಟವಾದರೆ ಚೆಂಡೆಗೆ ಮೈಕೇ ಇಲ್ಲ. ಭಾಗವತರ ಮೈಕಿಗೆ ಅದು ತಾನಾಗಿಯೇ ಬೇಕಾದ್ದಕ್ಕಿಂತ ಹೆಚ್ಚು ಬಂದು ಬೀಳುತ್ತದೆ. ಪದ್ಯ ನಡೆಯುವಾಗ ಎದುರಿನ ಎರಡು ಫೇಡರ್ ಅರ್ಧಕ್ಕಿಳಿಯುತ್ತವೆ, ಅರ್ಥ, ಅಂದರೆ ವೇಷಧಾರಿಗಳ ಮಾತು, ಶುರುವಾದೊಡನೆ ಏರುತ್ತವೆ. ಹಲಗೆಯ ರಂಗಸ್ಥಳದ ಮೇಲೆ ಹೆಜ್ಜೆಯ ಧಡಧಡ ಮಾತನ್ನು ನುಂಗದಂತೆ ಆ ಎರಡಕ್ಕೂ 80 ಅಥವಾ 100 ಹರ್ಟ್ಸ್‌ನ ಲೋಕಟ್ (ಅದಕ್ಕಿಂತ ಕೆಳಗಿನ ಸ್ವರ ತಡೆಯುವ ಗುಂಡಿ) ಒತ್ತಿರುತ್ತಾರೆ. ಕಥೆ ಗೊತ್ತಿದ್ದವರ ಬೆರಳು ಪ್ರವೇಶಕ್ಕೆ ಮುಂಚೆಯೇ ಫೇಡರಿನ ಮೇಲಿರುತ್ತದೆ. ಇದನ್ನು ಯಾವ ಬಾಡಿಗೆ ಅಂಗಡಿಯೂ ಕೊಡಲಾರದು.

ಹಾಗಾದರೆ ಡಿಜಿಟಲ್ ಬೇಡವೇ? ಬೆಹ್ರಿಂಗರ್ ಎಕ್ಸ್32ರಂಥ ಬೋರ್ಡಿನಲ್ಲಿ ಪ್ರತಿ ಚಾನಲ್ಲಿಗೂ ಸದ್ದಿನ ಏರಿಳಿತ ಹದ ಮಾಡುವ ಕಂಪ್ರೆಸರ್, ಮಾತಿಲ್ಲದಾಗ ಮೈಕ್ ಮುಚ್ಚುವ ಗೇಟ್ ಇದೆ, ಔಟ್‌ಪುಟ್ಟಿಗೆ ಸದ್ದನ್ನು ತುಸು ತಡೆದು ಬಿಡುವ ಡಿಲೇ ಇದೆ. ಉದ್ದ ಶಾಮಿಯಾನದಲ್ಲಿ 30 ಮೀಟರ್ ದೂರಕ್ಕೆ ಎರಡನೇ ಜೋಡಿ ಬಾಕ್ಸ್ ಇಟ್ಟಾಗ ಅದಕ್ಕೆ ಸುಮಾರು 87 ಮಿಲಿಸೆಕೆಂಡ್ ಡಿಲೇ ಕೊಟ್ಟರೆ ಮಾತು ಎರಡೆರಡಾಗಿ ಕೇಳುವುದಿಲ್ಲ. ಇದು ಅನಲಾಗ್ ಮಿಕ್ಸರಿನಿಂದ ಆಗದ ಕೆಲಸ. ದೊಡ್ಡ ಉತ್ಸವಕ್ಕೆ ಬಾಡಿಗೆಗೆ ತನ್ನಿ. ದಿನಬಳಕೆಗೆ ಹನ್ನೆರಡು ಅಥವಾ ಹದಿನಾರು ಚಾನಲ್ಲಿನ ಅನಲಾಗ್ ಸಾಕು ಅನ್ನುವುದು ನನ್ನ ಲೆಕ್ಕ. ಕೊಳ್ಳುವಾಗ ಚಾನಲ್ಲಿನ ಸಂಖ್ಯೆಯ ಜೊತೆ ಫೇಡರ್ ಇದೆಯೋ ನೋಡಿ. ಯಮಾಹಾದ ಎಂಜಿ ಸಾಲಿನಲ್ಲಿ ಹತ್ತು ಚಾನಲ್ಲಿನದ್ದಕ್ಕೆ ಬರೀ ಗುಂಡಿ, ಹನ್ನೆರಡಕ್ಕೆ ಫೇಡರ್ ಬರುತ್ತದೆ. ಟ್ಯಾಬ್ ಮೇಲೆ ನಡೆಸುವ ಪುಟ್ಟ ಡಿಜಿಟಲ್ ಮಿಕ್ಸರುಗಳ ಬಗ್ಗೆ ಒಂದು ಎಚ್ಚರ: ಒಳಗಿನ ವೈಫೈ ನಂಬಬೇಡಿ. ಸಾವಿರ ಮೊಬೈಲ್ ಸೇರಿದ ಜಾತ್ರೆಯಲ್ಲಿ 2.4 ಗಿಗಾಹರ್ಟ್ಸ್ ಗಿಜಿಗುಡುತ್ತದೆ, ಟ್ಯಾಬ್ ಕಡಿದುಹೋಗುತ್ತದೆ, ಸೀಟಿ ಹೊಡೆಯುತ್ತಿರುವ ಮೈಕನ್ನು ಇಳಿಸಲು ಕೈಯಲ್ಲಿ ಏನೂ ಇರುವುದಿಲ್ಲ. 5 ಗಿಗಾಹರ್ಟ್ಸ್‌ನ ಹೊರಗಿನ ರೂಟರ್ ಹಾಕಿ.

ಕರೆಂಟಿನ ವಿಷಯದಲ್ಲಿ ಊರಿನವರ ಧೈರ್ಯ ಕಂಡರೆ ನಡುಕ ಬರುತ್ತದೆ. ಗುಂಯ್ ಸದ್ದು ಹೋಗಲಿ ಎಂದು ಮೂರು ಪಿನ್ನಿನ ಪ್ಲಗ್ಗಿನಿಂದ ಅರ್ತ್ ಪಿನ್ ಕತ್ತರಿಸುವುದು ಜೀವಕ್ಕೆ ಎರವು, ಅದೂ ಒದ್ದೆ ನೆಲದ ಮೇಲೆ, ಕಬ್ಬಿಣದ ಮೈಕ್ ಹಿಡಿದವರ ಜೀವಕ್ಕೆ. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತಾಗ ಗುಂಯ್ ನಿಂತರೆ ಅದು ಗ್ರೌಂಡ್ ಲೂಪ್ (ಎರಡು ಕಡೆಯ ಅರ್ತ್ ಸುತ್ತಿಕೊಂಡು ಹುಟ್ಟುವ ಗುಂಯ್). ಎರಡನ್ನೂ ಬೇರ್ಪಡಿಸುವ, ಟ್ರಾನ್ಸ್‌ಫಾರ್ಮರ್ ಇರುವ ಡಿಐ ಬಾಕ್ಸ್ ನಡುವೆ ಹಾಕಿದರೆ ಸಾಕು. ಸೌಂಡಿನ ಎಲ್ಲ ಸಾಮಾನು ಒಂದೇ ಫೇಸಿನಲ್ಲಿರಲಿ, ಸೀರಿಯಲ್ ಲೈಟು, ಡಿಮ್ಮರ್ ಇನ್ನೊಂದರಲ್ಲಿ. ಜನರೇಟರಿಗೆ ಪ್ಲಗ್ ಹಾಕುವ ಮೊದಲು ಮಲ್ಟಿಮೀಟರ್ ಇಟ್ಟು ನೋಡಿ. ನ್ಯೂಟ್ರಲ್ ಸಡಿಲವಾಗಿದ್ದರೆ 230 ಇರಬೇಕಾದಲ್ಲಿ ವೋಲ್ಟೇಜ್ 400ರ ಕಡೆ ಏರಬಹುದು, ಮೊದಲು ಹೋಗುವುದು ಮಿಕ್ಸರಿನ ಪವರ್ ಸಪ್ಲೈ.

ಪ್ರೀತಿಯ ನಿಜವಾದ ಪರೀಕ್ಷೆ ಜೂನ್‌ನಿಂದ ಸೆಪ್ಟೆಂಬರ್. ಕಾರವಾರದಲ್ಲಿ ಉಪ್ಪುಗಾಳಿ, ಶಿರಸಿಯಲ್ಲಿ ಬೂಸಲು. ಹೆಚ್ಚಿನವರು ಮಿಕ್ಸರನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಅಟ್ಟದ ಮೇಲೆ ಇಡುತ್ತಾರೆ. ಒಳಗೆ ಸಿಕ್ಕ ತೇವ ಹೊರಬರದೆ ಅಲ್ಲೇ ಕೂರುತ್ತದೆ. ಫ್ಲೈಟ್ ಕೇಸಿನ ಸ್ಪಂಜು ಕೂಡ ನೀರು ಹಿಡಿಯುತ್ತದೆ, ಹಳತಾದರೆ ಪುಡಿಯಾಗಿ ಫೇಡರಿನ ಸೀಳಿಗೆ ಇಳಿಯುತ್ತದೆ. ಹತ್ತಿಬಟ್ಟೆ ಮುಚ್ಚಿ ಗಾಳಿಯಾಡುವಲ್ಲಿ ಇಡಿ. ಕೇಸಿನೊಳಗೇ ಇಡುವುದಾದರೆ ಸ್ಪಂಜು ತೆಗೆದು ಕಾಲು ಕಿಲೋ ಸಿಲಿಕಾ ಜೆಲ್ ಹಾಕಿ, ಬಣ್ಣ ತಿರುಗಿದಾಗ ಬಿಸಿಯಲ್ಲಿ ಒಣಗಿಸಿ ಮತ್ತೆ ಬಳಸಿ. ವಾರಕ್ಕೊಮ್ಮೆ ಅರ್ಧ ಗಂಟೆ ಮಿಕ್ಸರ್ ಆನ್ ಮಾಡಿ. ಅದರದೇ ಬಿಸಿ ತೇವವನ್ನು ಓಡಿಸುತ್ತದೆ. ಆಗಲೇ ಒಂದೊಂದು ಫೇಡರನ್ನೂ ಗುಂಡಿಯನ್ನೂ ಇಪ್ಪತ್ತು ಸಲ ಈ ತುದಿಯಿಂದ ಆ ತುದಿಗೆ ಆಡಿಸಿ.

ಆದರೂ ಕರಕರ ಬಂದರೆ ಎಲ್ಲಿಂದ ಎಂದು ಮೊದಲು ಪತ್ತೆ ಮಾಡಿ. ಫೇಡರ್ ಸರಿಸಿದಾಗ ಮಾತ್ರ ಬಂದರೆ ಅದರ ಕಾರ್ಬನ್ ಪಟ್ಟಿಯ ಮೇಲೆ ಕೊಳೆ. ವೈರು ಅಲುಗಿದಾಗ ಬಂದರೆ ಜ್ಯಾಕಿನ ಬೆಸುಗೆ ಬಿರುಕು. ಚಾನಲ್ ಸದ್ದಿಲ್ಲದೆ ಮಂಕಾಗಿ, ತಟ್ಟಿದರೆ ಮತ್ತೆ ಬಂದರೆ ಇನ್ಸರ್ಟ್ ಜ್ಯಾಕನ್ನು (ಹೊರಗಿನ ಉಪಕರಣ ಜೋಡಿಸುವ ಕಿಂಡಿ) ಅನುಮಾನಿಸಿ: ಅದರೊಳಗಿನ ಎಲೆಪಟ್ಟಿಗೆ ತುಕ್ಕು ಹಿಡಿದರೆ ಸಿಗ್ನಲ್ ದಾಟುವುದಿಲ್ಲ. ಒಂದು ಪಿ-38 ಪಿನ್ನನ್ನು (ಗಿಟಾರಿನ ದಪ್ಪ ಪಿನ್) ಅದಕ್ಕೆ ಹತ್ತು ಸಲ ಚುಚ್ಚಿ ತೆಗೆದರೆ ಅನೇಕ ಸಲ ಅಷ್ಟಕ್ಕೇ ಸರಿಹೋಗುತ್ತದೆ. ಹುಬ್ಬಳ್ಳಿಗೋ ಮಡಗಾವಿಗೋ ಹೊತ್ತೊಯ್ಯುವ ಬಸ್ ಖರ್ಚು ಉಳಿಯುತ್ತದೆ. ಫೇಡರಿಗೆ ತೆಂಗಿನೆಣ್ಣೆ, ಸೀಮೆಎಣ್ಣೆ, ಬೈಕಿನ ಸ್ಪ್ರೇ ಯಾವುದೂ ಬೇಡ. ಎರಡು ದಿನ ಚೆನ್ನಾಗಿ ಜಾರುತ್ತದೆ, ಆಮೇಲೆ ಆ ಜಿಡ್ಡಿಗೇ ದೂಳು ಅಂಟುತ್ತದೆ. ಪ್ಲಗ್ ಕಿತ್ತು, ಟೊಪ್ಪಿ ತೆಗೆದು, ಬ್ಲೋವರಿನಿಂದ ಊದಿ, ಜಿಡ್ಡು ಉಳಿಸದ ಕಾಂಟ್ಯಾಕ್ಟ್ ಕ್ಲೀನರ್ ಒಂದೇ ಒಂದು ಸಲ ಸಿಂಪಡಿಸಿ ಆಡಿಸಿ, ಒಣಗಿದ ಮೇಲೆ ಫೇಡರಿಗೆಂದೇ ಬರುವ ಲೂಬ್ರಿಕೆಂಟ್ ಒಂದು ಹನಿ. ಇಷ್ಟಾದರೂ ಕರಕರ ಹೋಗದಿದ್ದರೆ ಕೊಳೆಯ ದೋಷವಲ್ಲದಿರಬಹುದು, ಹಿಂದಿನ ಕೆಪಾಸಿಟರ್ ಸೋರಿ ಫೇಡರಿನ ಮೇಲೆ ಡಿಸಿ ಕರೆಂಟು ಬರುತ್ತಿರಬಹುದು. ಅದನ್ನು ರಿಪೇರಿಯವರೇ ನೋಡಬೇಕು.

ಇನ್ನು ಹತ್ತು ಗಂಟೆಯ ಮಾತು. 2000ದ ಶಬ್ದಮಾಲಿನ್ಯ ನಿಯಮ ಎರಡೂ ಕಡೆ ಒಂದೇ: ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಬಯಲಲ್ಲಿ ಧ್ವನಿವರ್ಧಕ ಇಲ್ಲ, ಸರಕಾರ ವರ್ಷಕ್ಕೆ ಗರಿಷ್ಠ 15 ದಿನ ಹಬ್ಬ, ಉತ್ಸವಕ್ಕೆ ಮಧ್ಯರಾತ್ರಿಯವರೆಗೆ ಸಡಿಲಿಸಬಹುದು. ಮುಂಬೈಯಲ್ಲಿ ನವರಾತ್ರಿಯ ದಾಂಡಿಯಾ ಕೂಡ ಗಡಿಯಾರ ನೋಡಿ ನಿಲ್ಲುತ್ತದೆ. ಊರಲ್ಲಿ ಪೊಲೀಸ್ ಜೀಪು ಬಂದ ಮೇಲೆ ಮಾಸ್ಟರ್ ಫೇಡರ್ ಇಳಿಯುತ್ತದೆ, ಜೀಪು ತಿರುವು ದಾಟಿದರೆ ಏರುತ್ತದೆ. ಜಪ್ತಿಯಾದರೆ ಪೊಲೀಸ್ ಠಾಣೆಯ ಮೂಲೆ ಸೇರುವುದು ಸೀಟಿನಲ್ಲಿ ಕೂತು ಬಂದ ಆ ಮಿಕ್ಸರೇ, ಹೊಸ ಹಾಡು ಹಾಕು ಎಂದು ಕೂಗಿದವರ ಮೊಬೈಲಲ್ಲ. ಪರವಾನಗಿ ಪತ್ರದ ಒಂದು ಪ್ರತಿಯನ್ನು ಮಿಕ್ಸರಿನ ಕೇಸಿನಲ್ಲೇ ಇಟ್ಟುಕೊಳ್ಳಿ, ಮುಗಿಸುವ ಹೊತ್ತನ್ನು ಮುಂಗಡ ಹಿಡಿಯುವಾಗಲೇ ರಸೀದಿಯ ಮೇಲೆ ಬರೆಸಿ.