ಗೋಣಿಕೊಪ್ಪ, ವಯಾ ಗಯಟೆ

ಜಮ್ಮಾ ಎಂಬ ವಂಶಪಾರಂಪರ್ಯ ಭೂಹಿಡುವಳಿ, ಕಾಡಾನೆ ಹಾವಳಿ, ಪ್ರವಾಸಿಗರ ವಾಹನ ದಟ್ಟಣೆ ಮುಂತಾದ ಯಾವ ವಿಷಯದಲ್ಲಿಯೂ ಒಮ್ಮತಕ್ಕೆ ಬಾರದ ನಮ್ಮ ಕೊಡಗು, ಬೇರೆ ಬೇರೆ ಕೃತಿಗಳನ್ನು ಹೋಲಿಸಿ ನೋಡುವ ತೌಲನಿಕ ಸಾಹಿತ್ಯ ಪ್ರಬಂಧದ ಪೀಠಿಕೆ ಹೇಗಿರಬೇಕೆಂಬ ವಿಷಯದಲ್ಲಿ ಮಾತ್ರ ಒಗ್ಗಟ್ಟಾಗಿದೆ. ಪೀಠಿಕೆ ಗಯಟೆಯಿಂದಲೇ ಆರಂಭವಾಗಬೇಕು. ಆ ಜರ್ಮನ್ ಮಹಾಕವಿ 1827ರಲ್ಲಿ ವಿಶ್ವಸಾಹಿತ್ಯದ ಮಾತೆತ್ತಿದ್ದನ್ನು ಸ್ಮರಿಸಿ, 1907ರಲ್ಲಿ ರವೀಂದ್ರನಾಥ ಠಾಕೂರರು ಅದೇ ವಿಷಯವಾಗಿ ಮಾಡಿದ ಉಪನ್ಯಾಸಕ್ಕೆ ಕೈಮುಗಿದು, 1956ರಲ್ಲಿ ಕೋಲ್ಕತ್ತದ ಜಾದವಪುರ ವಿಶ್ವವಿದ್ಯಾಲಯದಲ್ಲಿ ಬಂಗಾಳಿ ಕವಿ ಬುದ್ಧದೇವ ಬಸು ಅವರು ತೌಲನಿಕ ಸಾಹಿತ್ಯ ವಿಭಾಗವನ್ನು ತೆರೆದ ಶುಭವಾರ್ತೆಯನ್ನು ತಿಳಿಸಿ, ಸಾಹಿತ್ಯಕ್ಕೆ ಗಡಿಗಳಿಲ್ಲವೆಂದು ಘೋಷಿಸಿದ ಬಳಿಕವೇ ಪ್ರಬಂಧಕಾರರು ಕೊಡಗಿನ ಗಡಿಯನ್ನು ಪ್ರವೇಶಿಸಬಹುದು. ಪ್ರವೇಶಿಸಿದ ಮೇಲೂ ಕೃತಿಗಳ ಹತ್ತಿರ ಸುಳಿಯುವಂತಿಲ್ಲ. ದಕ್ಷಿಣದ ಕಾಶ್ಮೀರ, ಕಾವೇರಿಯ ತವರು, ಕಾರ್ಯಪ್ಪ ಮತ್ತು ತಿಮ್ಮಯ್ಯನವರಂತಹ ಸೇನಾನಿಗಳನ್ನು ಹೆತ್ತ ನಾಡು ಎಂಬ ಸಾಲುಗಳು ಕಡ್ಡಾಯ. ಮುನ್ನುಗ್ಗುವುದನ್ನೇ ವೃತ್ತಿಯಾಗಿಸಿಕೊಂಡಿದ್ದ ಆ ಇಬ್ಬರು ದಂಡನಾಯಕರನ್ನು ಒಂದು ಹೆಜ್ಜೆಯೂ ಮುಂದೆ ಹೋಗದ ಪ್ಯಾರಾದಲ್ಲಿ ತಂದು ನಿಲ್ಲಿಸುವುದಕ್ಕೂ ಧೈರ್ಯ ಬೇಕು.

ಗೋಣಿಕೊಪ್ಪದಲ್ಲಿ ಈಚೆಗೆ ನಡೆದ ವಿಚಾರ ಸಂಕಿರಣವೊಂದರಲ್ಲಿ ಈ ಸಂಪ್ರದಾಯಕ್ಕೆ ಅಪಚಾರವಾಗುವುದು ಸ್ವಲ್ಪದರಲ್ಲಿ ತಪ್ಪಿತು. ವಿದ್ಯಾರ್ಥಿನಿಯೊಬ್ಬಳು ಎರಡು ನಾಟಕಗಳನ್ನು ಆರಿಸಿಕೊಂಡಿದ್ದಳು. ಒಂದು, ಹರದಾಸ ಅಪ್ಪಚ್ಚ ಕವಿ 1906ರಲ್ಲಿ ಕೊಡವ ಭಾಷೆಯಲ್ಲಿ ಹೊರತಂದ ಯಯಾತಿ. ಇನ್ನೊಂದು, 1961ರಲ್ಲಿ ಪ್ರಕಟವಾದ ಗಿರೀಶ ಕಾರ್ನಾಡರ ಕನ್ನಡದ ಯಯಾತಿ. ಅವಳ ಕರಡಿನ ಮೊದಲ ವಾಕ್ಯ ಹೀಗಿತ್ತು: ‘ಶಾಪದಿಂದ ಮುದುಕನಾದ ತಂದೆ ಮಗನ ಯೌವನವನ್ನು ಕೇಳಿ ಪಡೆಯುವ ಕಥೆಯು, ಹಿರಿಯ ಯಜಮಾನನಾದ ಪಟ್ಟೆದಾರನ ಮಾತಿಗೆ ಎದುರಾಡದ ಒಕ್ಕವೆಂಬ ಮನೆತನಗಳಿದ್ದ ನಾಡಿನ ಪ್ರೇಕ್ಷಕನಿಗೂ, ಕೂಡುಕುಟುಂಬದಿಂದ ಹೊರಬಿದ್ದ 60ರ ದಶಕದ ನಗರದ ಪ್ರೇಕ್ಷಕನಿಗೂ ಒಂದೇ ಕಥೆಯಾಗಿ ಕೇಳಿಸಿರಲು ಸಾಧ್ಯವೇ?’

ಮಾರ್ಗದರ್ಶಕರು ಕೆಂಪು ಶಾಯಿಯಲ್ಲಿ ಅದನ್ನು ಪೂರ್ತಿ ಹೊಡೆದುಹಾಕಿ, ಅಂಚಿನಲ್ಲಿ ‘ತೀರಾ ನೇರವಾಯಿತು’ ಎಂದು ಬರೆದರು. ‘ಏನಮ್ಮಾ, ಪೀಠಿಕೆಯಲ್ಲೇ ವಿಷಯ ಬಂದುಬಿಟ್ಟರೆ ಒಳಗೆ ಓದುವುದಕ್ಕೆ ಏನುಳಿಯಿತು? ಇದನ್ನು ಉಪಸಂಹಾರಕ್ಕೆ ಇಟ್ಟುಕೋ’ ಎಂದರು. ಈ ಎರಡೇ ಕೃತಿಗಳನ್ನು ಏಕೆ ಜೊತೆಗಿಟ್ಟು ನೋಡಬೇಕು, ನೋಡಿದರೆ ಒಂದನ್ನೇ ಓದಿದಾಗ ಕಾಣದಿದ್ದ ಯಾವುದು ಕಾಣುತ್ತದೆ ಎಂಬ ಪ್ರಶ್ನೆಗಳು ಪೀಠಿಕೆಗೆ ಶೋಭಿಸುವುದಿಲ್ಲವೆಂಬುದು ಅವರ ನಂಬಿಕೆ. ಎರಡೂ ಪುಸ್ತಕಗಳು ಗ್ರಂಥಾಲಯದಲ್ಲಿ ಸಿಕ್ಕವು ಎಂಬುದು ಸಾಮಾನ್ಯವಾಗಿ ನಿಜವಾದ ಕಾರಣವಾಗಿರುತ್ತದೆ; ಅದನ್ನಂತೂ ಬರೆಯುವ ಹಾಗಿಲ್ಲ. ಅದರ ಬದಲು ‘ಎರಡೂ ಕೃತಿಗಳಲ್ಲಿ ಕೆಲವು ಸಾಮ್ಯಗಳೂ ಕೆಲವು ಭಿನ್ನತೆಗಳೂ ಇರುವುದನ್ನು ಗಮನಿಸಬಹುದು’ ಎಂದು ಬರೆಸಲಾಯಿತು. ಕಿತ್ತಳೆಗೂ ಕಾಳುಮೆಣಸಿಗೂ ಅಷ್ಟೇ ಚೆನ್ನಾಗಿ ಒಪ್ಪುವ ಈ ವಾಕ್ಯವನ್ನು ಯಾವ ಪರೀಕ್ಷಕರೂ ಇದುವರೆಗೆ ಸುಳ್ಳೆಂದು ಸಾಧಿಸಿಲ್ಲವಾದ್ದರಿಂದ ಅಂಕ ಕಡಿತದ ಭಯವೂ ಇಲ್ಲ.

ಸಂಕಿರಣದ ದಿನ ಹುಡುಗಿ ತಿದ್ದಿದ ಪ್ರತಿಯನ್ನೇ ಓದಿದಳು. ಗಯಟೆ, ಠಾಕೂರ್, ಜಾದವಪುರಗಳನ್ನು ದಾಟಿ, ಕೊಡಗಿನ ಪ್ರಕೃತಿ ಸೌಂದರ್ಯವನ್ನು ವರ್ಣಿಸಿ, ‘ಇಂತಹ ನಾಡಿನಲ್ಲಿ ಅಪ್ಪಚ್ಚ ಕವಿ’ ಎನ್ನುವಷ್ಟರಲ್ಲಿ ಅಧ್ಯಕ್ಷರ ಚೀಟಿ ಬಂತು. ‘ಸಮಯದ ಅಭಾವವಿದೆ, ಉಳಿದದ್ದನ್ನು ಓದಿದ್ದೇವೆಂದು ಭಾವಿಸೋಣ’ ಎಂದ ಅವರು, ಪ್ರಬಂಧದ ವಿಶಾಲ ಹಿನ್ನೆಲೆಯನ್ನು ಮನಸಾರೆ ಹೊಗಳಿದರು. ಹಿನ್ನೆಲೆಯಲ್ಲದೆ ಬೇರೇನನ್ನೂ ಅವರು ಕೇಳಿರಲಿಲ್ಲವಾದ್ದರಿಂದ ಆ ಹೊಗಳಿಕೆಯಲ್ಲಿ ಉತ್ಪ್ರೇಕ್ಷೆಯಿರಲಿಲ್ಲ.

ಅಷ್ಟರಲ್ಲಿ ಹಿಂದಿನ ಸಾಲಿನಲ್ಲಿದ್ದ ಹಿರಿಯ ಕಾಫಿ ಬೆಳೆಗಾರರೊಬ್ಬರು ಎದ್ದು ನಿಂತರು. ಇಂಥವರನ್ನು ಸಭೆಗೆ ಬಿಡುವುದೇ ತಪ್ಪು. ಅವರು ಪುಸ್ತಕ ಓದಿಕೊಂಡು ಬಂದಿರುತ್ತಾರೆ. ‘ಅಧ್ಯಕ್ಷರೇ, ಕಾರ್ನಾಡರ ನಾಟಕದಲ್ಲಿ ಯಯಾತಿಯ ಮಗ ಪೂರುವಿನ ಹೆಂಡತಿ ಚಿತ್ರಲೇಖೆ ಇದ್ದಾಳೆ. ಮಹಾಭಾರತದಲ್ಲಿ ಆ ಪಾತ್ರ ಇಲ್ಲ, ಅವರೇ ಸೃಷ್ಟಿಸಿದ್ದು. ತಂದೆಯ ಮುಪ್ಪನ್ನು ಹೊತ್ತುಕೊಂಡ ಮಗನನ್ನು ನಾವು ತ್ಯಾಗಿ ಎಂದು ಹೊಗಳುತ್ತೇವೆ, ಸರಿ. ಆದರೆ ಆ ಹುಡುಗಿ ಮಾವನ ಎದುರು ನಿಂತು, ನನ್ನ ಗಂಡನ ಯೌವನ ಈಗ ನಿಮ್ಮಲ್ಲಿದೆಯಲ್ಲ, ಹಾಗಾದರೆ ನನ್ನನ್ನು ನೀವೇ ಸ್ವೀಕರಿಸಿ ಎನ್ನುತ್ತಾಳೆ. ಕೊನೆಗೆ ವಿಷ ಕುಡಿದು ಸಾಯುತ್ತಾಳೆ. ಮಗನ ತ್ಯಾಗದ ಲೆಕ್ಕದಲ್ಲಿ ಸೊಸೆಯನ್ನು ಯಾರೂ ಕೇಳಿರಲಿಲ್ಲ ಎಂಬುದು ಅಲ್ಲಿ ಬಯಲಾಗುತ್ತದೆ. ಅವರಿಗಿಂತ 55 ವರ್ಷ ಮೊದಲು ಬರೆದ ನಮ್ಮ ಅಪ್ಪಚ್ಚ ಕವಿಗಳು ಈ ಜಾಗದಲ್ಲಿ ಏನು ಮಾಡಿದ್ದಾರೆ ಎಂಬುದನ್ನು ಈ ಮಗು ಹೇಳಬೇಕು. ಅದಕ್ಕೆಂದೇ ನಾನು ಪೊನ್ನಂಪೇಟೆಯಿಂದ ಬಂದದ್ದು.’

ಹುಡುಗಿಯ ಮುಖ ಅರಳಿತು. ಅವಳು ಕಾಗದಗಳನ್ನು ಸರಸರನೆ ಮಗುಚಿ ಕೊನೆಯ ಹಾಳೆಯನ್ನು ಮೇಲೆ ತಂದುಕೊಂಡಳು. ಮಾರ್ಗದರ್ಶಕರು ಅಧ್ಯಕ್ಷರ ಕಿವಿಯಲ್ಲಿ ಏನೋ ಉಸುರಿದರು. ಪ್ರಶ್ನೆ ಬಹಳ ಮೌಲಿಕವಾದದ್ದೆಂದೂ, ಆದರೆ ಅದು ಉಪಸಂಹಾರಕ್ಕೆ ಸೇರಿದ್ದೆಂದೂ, ಉಪಸಂಹಾರವನ್ನು ಓದಿದ್ದೇವೆಂದು ಸಭೆ ಆಗಲೇ ಭಾವಿಸಿಕೊಂಡಿರುವುದರಿಂದ ಉತ್ತರವನ್ನೂ ಹಾಗೆಯೇ ಭಾವಿಸಿಕೊಂಡು ಎಲ್ಲರೂ ಊಟಕ್ಕೆ ಏಳಬೇಕೆಂದೂ ಅಧ್ಯಕ್ಷರು ತೀರ್ಪಿತ್ತರು.