ಬ್ರೋಕರ್ ಯಾರ ಕಡೆಯವರು?

ಬೆಂಗಳೂರಿನಲ್ಲಿ ಹಳೆಯ ಮನೆಯೊಂದು ಮಾರಾಟವಾದರೆ ಬ್ರೋಕರ್‌ಗೆ ಮಾರಿದವರೂ ಕಮಿಷನ್ ಕೊಡುತ್ತಾರೆ, ಕೊಂಡವರೂ ಕೊಡುತ್ತಾರೆ. ಸಾಮಾನ್ಯವಾಗಿ ಶೇ. 1, ಕೆಲವೊಮ್ಮೆ ಶೇ. 2. ಇಬ್ಬರಿಂದಲೂ ಹಣ ಪಡೆದವರು ಯಾರ ಪರ? ನನ್ನನ್ನು ಕೇಳಿದರೆ, ವ್ಯಾಪಾರ ಕುದುರುವುದರ ಪರ, ಅಷ್ಟೇ.

ಲೆಕ್ಕ ಹಾಕಿ ನೋಡಿ. 80 ಲಕ್ಷದ ಮನೆಗೆ ಎರಡೂ ಕಡೆಯಿಂದ ಶೇ. 1ರಂತೆ ಬರುವುದು 1 ಲಕ್ಷ 60 ಸಾವಿರ ರೂಪಾಯಿ. ಬೆಲೆ 5 ಲಕ್ಷ ಏರಲಿ, ಇಳಿಯಲಿ, ಬ್ರೋಕರ್‌ಗೆ ಆಗುವ ವ್ಯತ್ಯಾಸ 10 ಸಾವಿರ. ಮಾತುಕತೆ ಮುರಿದುಬಿದ್ದರೆ ಮಾತ್ರ ಕೈಗೆ ಬಿಡಿಗಾಸೂ ಇಲ್ಲ. ಹಾಗಾಗಿಯೇ ನಮಗೆ "ಇನ್ನೊಂದು ಪಾರ್ಟಿ ನಾಳೆ ಬರುತ್ತಿದೆ ಸಾರ್, ಇವತ್ತೇ ಟೋಕನ್ ಕೊಟ್ಟುಬಿಡಿ" ಎನ್ನುವವರೇ ಮಾಲೀಕರಿಗೆ "ಮಾರ್ಕೆಟ್ ಬಿದ್ದಿದೆ, ಬಂದ ಬೆಲೆಗೆ ಕೊಟ್ಟುಬಿಡಿ" ಎನ್ನುತ್ತಾರೆ.

ಇನ್ನೊಂದು ಪದ್ಧತಿ ಇದಕ್ಕಿಂತ ಕೆಟ್ಟದ್ದು. "ನನ್ನ ಕೈಗೆ ಇಷ್ಟು ಬರಲಿ, ಮೇಲಿನದು ನಿನ್ನದು" ಎಂದು ಮಾಲೀಕರೇ ಹೇಳಿಬಿಡುತ್ತಾರೆ. ಆಮೇಲೆ ಮಾಲೀಕರೂ ಕೊಳ್ಳುವವರೂ ನೇರವಾಗಿ ಮಾತನಾಡದಂತೆ ಕಾಯುವುದೇ ಮಧ್ಯವರ್ತಿಯ ಕೆಲಸವಾಗುತ್ತದೆ.

"ರೇರಾ ಇದೆಯಲ್ಲ" ಎನ್ನಬೇಡಿ. 2016ರ ಆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ ಏಜೆಂಟರು ನೋಂದಾಯಿಸಿಕೊಳ್ಳಬೇಕು ಎನ್ನುವುದು ರೇರಾ ವ್ಯಾಪ್ತಿಗೆ ಬರುವ ಯೋಜನೆಗಳ ಮಾರಾಟಕ್ಕೆ. ನಮ್ಮ ಬೀದಿಯ ಮೂವತ್ತು ವರ್ಷದ ಮನೆಯ ಮರುಮಾರಾಟಕ್ಕೆ ಅದು ಅನ್ವಯಿಸುವುದಿಲ್ಲ. ಅಮೆರಿಕದಲ್ಲಿ ಎರಡು ಕಡೆಗೂ ಬೇರೆ ಬೇರೆ ಏಜೆಂಟರಿರುವುದು ಸಾಮಾನ್ಯ. ಅಲ್ಲಿನ ರಿಯಲ್ಟರ್‌ಗಳ, ಅಂದರೆ ಮನೆ ಏಜೆಂಟರ, ಸಂಘವು ಮೊಕದ್ದಮೆಯೊಂದರಲ್ಲಿ ರಾಜಿ ಮಾಡಿಕೊಂಡ ಮೇಲೆ, 2024ರ ಆಗಸ್ಟ್‌ನಿಂದ ಮನೆ ತೋರಿಸುವ ಮೊದಲೇ ಕೊಳ್ಳುವವರ ಜೊತೆ ಲಿಖಿತ ಒಪ್ಪಂದ ಆಗಬೇಕು. ಸಂಭಾವನೆ ಎಷ್ಟು ಎಂಬುದೂ ಅದರಲ್ಲಿರಬೇಕು.

ನಮ್ಮಲ್ಲಿ ಇಂಥ ಒಂದು ಹಾಳೆಯೂ ಇರುವುದಿಲ್ಲ. ಅದಕ್ಕೇ ನಾನು ಬ್ರೋಕರ್ ಪರಿಚಯಿಸಿದ ವಕೀಲರ ಬಳಿ ಹೋಗಬೇಡಿ ಎನ್ನುವುದು. ವ್ಯಾಪಾರ ಮುರಿದರೂ ಅಷ್ಟೇ ಶುಲ್ಕ ಪಡೆಯುವ ವಕೀಲರನ್ನು ನೀವೇ ಹುಡುಕಿ. ಮೂಲಪತ್ರ, ಇಸಿ (ಋಣಭಾರ ಪ್ರಮಾಣಪತ್ರ), ಖಾತೆ ನೋಡಿ "ಬೇಡ" ಎನ್ನಲು ಅವರಿಗೆ ಯಾವ ನಷ್ಟವೂ ಇಲ್ಲ.

ಬ್ರೋಕರ್‌ಗಳ ಸಂಕಟವೂ ಸುಳ್ಳಲ್ಲ. ಬಿಸಿಲಲ್ಲಿ ಹತ್ತು ಮನೆ ತೋರಿಸಿಕೊಂಡು, ಕೊನೆಗೆ ಅವರನ್ನು ಬಿಟ್ಟು ಮಾಲೀಕರಿಗೆ ಗುಟ್ಟಾಗಿ ಫೋನ್ ಮಾಡುವವರು ನಾವೇ. ತಿರುಗಾಟಕ್ಕೊಂದು ನಿಗದಿತ ಶುಲ್ಕ ಕೊಡಿ ಎಂದು ಅವರು ಕೇಳಿದರೆ ನಾನಂತೂ ಸಂತೋಷದಿಂದ ಕೊಡುತ್ತೇನೆ. ಆದರೆ ಆಗ ಎದುರು ಪಾರ್ಟಿಯಿಂದ ಒಂದು ರೂಪಾಯಿಯನ್ನೂ ಮುಟ್ಟುವಂತಿಲ್ಲ.